ನಲವತ್ತೈದರ ಮೇಲೆ ಮತ್ತೆ ಡಂಬೆಲ್ಸ್ ಹಿಡಿಯುವವರಿಗೆ

ಅಟ್ಟದ ಮೇಲಿನ ಟ್ರಂಕಿನಲ್ಲಿ ನನ್ನ ಹಳೇ ನೋಟ್‌ಬುಕ್ ಸಿಕ್ಕಿದ್ದೇ ತಪ್ಪಾಯಿತು. 1997ರದು. ಆಗ ಮೈಸೂರಿನಲ್ಲಿ ಡಿಗ್ರಿ ಓದುತ್ತಿದ್ದೆ, ಸಂಜೆಯಾದರೆ ಜಿಮ್. 'ಬೆಂಚ್ 80 ಕಿಲೋ, 6 ರೆಪ್', ಅಂದರೆ ಬೆಂಚ್ ಮೇಲೆ ಮಲಗಿ 80 ಕಿಲೋ ಬಾರನ್ನು ಆರು ಸಲ ಎತ್ತಿದ್ದೆ ಅಂತ, ನೀಲಿ ಇಂಕಿನಲ್ಲಿ ಬರೆದು ಕೆಳಗೆ ಎರಡು ಗೀಟು ಎಳೆದಿದ್ದೆ. ಆಮೇಲೆ ಕೆಲಸ, ಮದುವೆ, ಮಕ್ಕಳು, ಮನೆ ಸಾಲ. ಇಪ್ಪತ್ತೈದು ವರ್ಷದಲ್ಲಿ ನಾನು ಎತ್ತಿದ ದೊಡ್ಡ ಭಾರ ಅಂದರೆ ಊರಿಂದ ಬಂದ ಅಕ್ಕಿ ಮೂಟೆ.

ನಲವತ್ತಾರಕ್ಕೆ ಮತ್ತೆ ಜಿಮ್ ಸೇರಿದೆ. ಎರಡನೇ ದಿನವೇ ಬೆಂಚ್ ಮೇಲೆ ಮಲಗಿ ಬಾರ್‌ಗೆ ಒಟ್ಟು 60 ಕಿಲೋ ಹಾಕಿಕೊಂಡೆ. 80 ಎತ್ತಿದವನಿಗೆ 60 ಕಮ್ಮಿನೇ ಅಲ್ವಾ? ಎತ್ತಿಯೂ ಎತ್ತಿದೆ, ಐದು ಸಲ. ಪಕ್ಕದಲ್ಲಿದ್ದ ಹುಡುಗ 'ಸೂಪರ್ ಅಂಕಲ್' ಅಂದ. ಮಾರನೇ ಬೆಳಗ್ಗೆ ಎಡಗೈ ಶರ್ಟಿನ ತೋಳಿನೊಳಗೆ ಹೋಗಲಿಲ್ಲ.

ಭುಜದ ಟೆಂಡನ್‌ಗೆ ಪೆಟ್ಟಾಗಿದೆ ಅಂದರು ಡಾಕ್ಟರು. ಫಿಸಿಯೋಥೆರಪಿಗೆ ಹೋದಾಗ ಅಲ್ಲಿದ್ದ ಹುಡುಗಿ, 'ಸರ್, ಇದಕ್ಕೆ ಮುಂಚೆ ಇಷ್ಟು ಭಾರ ಎತ್ತಿದ್ದು ಯಾವಾಗ?' ಅಂತ ಕೇಳಿದಳು. ತೊಂಬತ್ತೆಂಟರಲ್ಲಿ ಅಂದೆ. 'ನಾನು ಹುಟ್ಟಿದ ವರ್ಷ ಸರ್' ಅಂದಳು. ನಾಲ್ಕು ತಿಂಗಳು ಹಾಗೇ ಹೋಯಿತು.

ಆಗಿದ್ದು ಇಷ್ಟೇ. ಹಿಂದೆ ಒಮ್ಮೆ ಬೆಳೆಸಿದ ಮಾಂಸಖಂಡಕ್ಕೆ ಒಂಥರಾ ನೆನಪು ಇರುತ್ತದೆ. ವ್ಯಾಯಾಮ ಮಾಡುವಾಗ ಅದರ ಎಳೆಗಳೊಳಗೆ ಸೇರಿಕೊಂಡ ಹೊಸ ಕೋಶಕೇಂದ್ರಗಳು, ಖಂಡ ಕರಗಿದ ಮೇಲೂ ಬಹಳ ಕಾಲ ಉಳಿಯುತ್ತವೆ ಅನ್ನುತ್ತಾರೆ ಸಂಶೋಧಕರು. ಮಿದುಳಿಗೂ ಆ ಚಲನೆ ಗೊತ್ತಿರುತ್ತದೆ. ಅದಕ್ಕೇ ಹಿಂದೆ ಜಿಮ್ ಮಾಡಿದ್ದವರಿಗೆ ಶಕ್ತಿ ಬೇಗ ವಾಪಸ್ ಬರುತ್ತದೆ, ಹೊಸಬರಿಗಿಂತ ಬೇಗ. ಆದರೆ ಖಂಡವನ್ನು ಮೂಳೆಗೆ ಕಟ್ಟಿರುವ ಹುರಿ ಇದೆಯಲ್ಲ, ಈ ಟೆಂಡನ್, ಅದಕ್ಕೆ ರಕ್ತದ ಓಡಾಟ ಕಮ್ಮಿ. ಅದು ಗಟ್ಟಿಯಾಗುವುದು ನಿಧಾನ. ವಯಸ್ಸಾದಂತೆ ಇನ್ನೂ ನಿಧಾನ. ಖಂಡ ಆರು ವಾರದಲ್ಲಿ 'ನಾನು ರೆಡಿ' ಅನ್ನುತ್ತದೆ, ಹುರಿಗೆ ತಿಂಗಳುಗಟ್ಟಲೆ ಬೇಕು. ಮಧ್ಯವಯಸ್ಸಿನಲ್ಲಿ ಜಿಮ್‌ಗೆ ಮರಳುವವರು ಬಿದ್ದು ಏಳುವುದು ಈ ಎರಡರ ನಡುವಿನ ಹಳ್ಳದಲ್ಲೇ. ಕೆಳಗೆ ನಾನು ಹೇಳುವುದೆಲ್ಲ ಆ ಹಳ್ಳ ದಾಟುವ ದಾರಿ.

ಮೊದಲು ಡಾಕ್ಟರು, ಆಮೇಲೆ ಟ್ರ್ಯಾಕ್ ಪ್ಯಾಂಟು

ಜಿಮ್ ಫೀಸ್ ಕಟ್ಟುವ ಮೊದಲು ಒಂದು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬ್‌ಗೆ ಹೋಗಿ. ಶುಗರ್, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟರಾಲ್, ಕಿಡ್ನಿ ಸ್ಥಿತಿ ತೋರಿಸುವ ಕ್ರಿಯಾಟಿನಿನ್, ವಿಟಮಿನ್ ಡಿ, ಬಿ12. ಸಸ್ಯಾಹಾರಿಗಳು ಬಿ12 ಬಿಡಲೇಬಾರದು. ಬಿ.ಪಿ. ನೋಡಿಸಿ. ರಿಪೋರ್ಟ್ ಹಿಡಿದು ಡಾಕ್ಟರ ಮುಂದೆ ಕೂತು 'ಭಾರ ಎತ್ತುವ ವ್ಯಾಯಾಮ ಶುರು ಮಾಡ್ತಿದೀನಿ' ಅಂತ ನೇರವಾಗಿ ಹೇಳಿ. 'ಸ್ವಲ್ಪ ಎಕ್ಸರ್‌ಸೈಜ್' ಅಂದರೆ ಅವರು ವಾಕಿಂಗ್ ಅಂದುಕೊಳ್ಳುತ್ತಾರೆ. ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುತ್ತಿದ್ದರೆ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಿಗಾದರೂ ಹಾರ್ಟ್ ಅಟ್ಯಾಕ್ ಆಗಿದ್ದರೆ ಅದನ್ನೂ ಮುಚ್ಚಿಡಬೇಡಿ.

ಬಿ.ಪಿ. 180/110 ಮುಟ್ಟುತ್ತಿದ್ದರೆ ಅದು ಹತೋಟಿಗೆ ಬರುವವರೆಗೆ ಭಾರ ಮುಟ್ಟಬೇಡಿ. ಹತೋಟಿಯಲ್ಲಿದ್ದರೂ ಉಸಿರು ಬಿಗಿಹಿಡಿದು ಎತ್ತುವ ಅಭ್ಯಾಸ ಬೇಡ. ಹಾಗೆ ಹಿಡಿದಾಗ ಬಿ.ಪಿ. ಒಂದೇ ಸಲಕ್ಕೆ ಮೇಲೆ ಜಿಗಿಯುತ್ತದೆ. ಎತ್ತುವಾಗ ಉಸಿರು ಹೊರಗೆ, ಇಳಿಸುವಾಗ ಒಳಗೆ. ಶುಗರ್‌ಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಳ್ಳುವವರಿಗೆ ವ್ಯಾಯಾಮದ ನಡುವೆ ಶುಗರ್ ಕುಸಿಯಬಹುದು. ಬೆವರು, ನಡುಕ, ತಲೆ ಖಾಲಿಯಾದಂತೆ ಅನ್ನಿಸಿದರೆ ಅದೇ. ಜೇಬಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಿ. ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ನುಂಗುವ ಕೆಲವರಿಗೆ ಮೈಕೈ ನೋವು ಬರುತ್ತದೆ. ಅದನ್ನು ಜಿಮ್ ನೋವು ಅಂದುಕೊಂಡು ಸುಮ್ನೆ ಇರಬೇಡಿ, ಡಾಕ್ಟರಿಗೆ ಹೇಳಿ.

ಇನ್ನೊಂದು ಅಳತೆ ಮನೆಯಲ್ಲೇ ಆಗುತ್ತದೆ. ಟೇಪು ತಗೊಂಡು ಹೊಟ್ಟೆಯ ಸುತ್ತಳತೆ ನೋಡಿ, ಉಸಿರು ಎಳೆದುಕೊಳ್ಳದೆ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳ ಅಪಾಯ ಜಾಸ್ತಿ. ನನ್ನದು 98 ಇತ್ತು. ತೂಕ ಮಾತ್ರ 72, ಕಾಲೇಜಿನಲ್ಲಿದ್ದಷ್ಟೇ! ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇಕಡ 3ರಿಂದ 8ರಷ್ಟು ಮಾಂಸಖಂಡ ಕರಗುತ್ತದೆ ಅಂತ ಲೆಕ್ಕ. ಆ ಜಾಗಕ್ಕೆ ಕೊಬ್ಬು ಬಂದು ಕೂರುತ್ತದೆ. ಮನೆ ಅದೇ, ಬಾಡಿಗೆಯೂ ಅದೇ, ಒಳಗಿರುವವರು ಬೇರೆ. ಹಾಗಾಗಿ ತೂಕದ ಯಂತ್ರವನ್ನು ಜಾಸ್ತಿ ನಂಬಬೇಡಿ. ಟೇಪಿನ ಸಂಖ್ಯೆಯನ್ನು ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ.

ಹೊಸ ನೋಟ್‌ಬುಕ್ ಅಂದೆ. ಹಳೆಯದು ಟ್ರಂಕಿಗೆ ವಾಪಸ್ ಹೋಗಲಿ.

'ಒಂದು ಸೈಕಲ್ ಹಾಕಿ ಅಂಕಲ್'

ಮೂರು ತಿಂಗಳು ಬಿಡದೆ ಹೋದರೆ ಯಾರಾದರೂ ಒಬ್ಬ ಬಂದು ಈ ಮಾತು ಹೇಳಿಯೇ ಹೇಳುತ್ತಾನೆ. ಸೈಕಲ್ ಅಂದರೆ ಖಂಡ ಬೆಳೆಸುವ ಸ್ಟೀರಾಯ್ಡ್ ಹಾರ್ಮೋನಿನ ಇಂಜೆಕ್ಷನ್ ಅಥವಾ ಮಾತ್ರೆಗಳ ಒಂದು ಸುತ್ತು. ನ್ಯಾಚುರಲ್ ಬಾಡಿಬಿಲ್ಡಿಂಗ್ ಅಂದರೆ ಇದ್ಯಾವುದೂ ಇಲ್ಲದೆ ಊಟ, ವ್ಯಾಯಾಮ, ನಿದ್ದೆಯಿಂದ ಮೈ ಕಟ್ಟುವುದು. ಡೋಪ್ ಪರೀಕ್ಷೆ ಮಾಡಿಯೇ ಸ್ಪರ್ಧೆ ನಡೆಸುವ ನ್ಯಾಚುರಲ್ ಸಂಸ್ಥೆಗಳೂ ಇವೆ. ನಾವು ಸ್ಟೇಜ್ ಹತ್ತಬೇಕಿಲ್ಲ ಬಿಡಿ.

ಸ್ಟೀರಾಯ್ಡ್ ಇಲ್ಲದೆ ಮೈ ಬರಲ್ಲ ಅನ್ನುವವರಿಗೆ ನಾನು ಹೇಳುವುದು ಕೆ.ವಿ. ಅಯ್ಯರ್ ಅವರ ಹೆಸರು. ಕನ್ನಡಿಗರಿಗೆ ಅವರು ಕಾದಂಬರಿಕಾರರಾಗಿ ಗೊತ್ತು. ಆದರೆ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು, ಸೂರ್ಯನಮಸ್ಕಾರವನ್ನೂ ಬಾರ್‌ಬೆಲ್ಲನ್ನೂ ಒಟ್ಟಿಗೆ ಕಲಿಸಿದವರು. ಅವರ ಯೌವನದ ಫೋಟೋ ಹುಡುಕಿ ನೋಡಿ, ಶಿಲ್ಪ ಕೆತ್ತಿದಂತಿದೆ ಮೈ. ಗಂಡಸಿನ ಹಾರ್ಮೋನಾದ ಟೆಸ್ಟೋಸ್ಟೆರಾನನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದೇ 1935ರಲ್ಲಿ. ಡಯಾನಬಾಲ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಬಂಗಾಳದ ಬಾಡಿಬಿಲ್ಡರ್ ಮನೋಹರ್ ಐಚ್ 1952ರಲ್ಲಿ ತಮ್ಮ ವರ್ಗದಲ್ಲಿ ಮಿಸ್ಟರ್ ಯೂನಿವರ್ಸ್ ಆದಾಗ ಅವರಿಗೆ ನಲವತ್ತು. ಐದಡಿಯೂ ಎತ್ತರವಿಲ್ಲದ ಆ ಮನುಷ್ಯ ನೂರು ದಾಟಿ ಬದುಕಿ 2016ರಲ್ಲಿ ತೀರಿಕೊಂಡರು.

ಹೊರಗಿಂದ ಹಾರ್ಮೋನು ಬಂದರೆ ದೇಹ ತನ್ನದನ್ನು ತಯಾರಿಸುವುದು ನಿಲ್ಲಿಸುತ್ತದೆ. ವೃಷಣ ಸಣ್ಣದಾಗುತ್ತದೆ. ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ, ಬಿ.ಪಿ. ಏರುತ್ತದೆ, ಹೃದಯದ ಗೋಡೆ ದಪ್ಪಗಾಗುತ್ತದೆ. ಮಾತ್ರೆಯಾದರೆ ಲಿವರ್‌ಗೂ ಪೆಟ್ಟು. ಇಪ್ಪತ್ತೈದರ ಹುಡುಗನಿಗೇ ಇದು ಕೆಟ್ಟದ್ದು, ನಮ್ಮ ವಯಸ್ಸಿನಲ್ಲಿ ಆಗಲೇ ಅರ್ಧ ಜನರ ಜೇಬಲ್ಲಿ ಬಿ.ಪಿ. ಮಾತ್ರೆ ಇರುತ್ತದೆ. ನಿಜವಾಗಿಯೂ ಸುಸ್ತು, ಆಸಕ್ತಿ ಇಲ್ಲದಿರುವುದು ಇದ್ದರೆ ಎಂಡೋಕ್ರಿನಾಲಜಿಸ್ಟ್, ಅಂದರೆ ಹಾರ್ಮೋನ್ ಡಾಕ್ಟರ ಹತ್ತಿರ ಹೋಗಿ ಬೆಳಗಿನ ಹೊತ್ತು ರಕ್ತ ಪರೀಕ್ಷೆ ಮಾಡಿಸಿ. ಅದು ಚಿಕಿತ್ಸೆಯ ದಾರಿ. ಜಿಮ್‌ನ ಲಾಕರ್ ಹಿಂದಿನ ದಾರಿ ಬೇರೆ.

ಏನು ಎತ್ತಬೇಕು, ಎಷ್ಟು ಎತ್ತಬೇಕು

ಜಿಮ್‌ನಲ್ಲಿ ಹುಡುಗರು ಸೋಮವಾರ ಚೆಸ್ಟ್, ಮಂಗಳವಾರ ಬ್ಯಾಕ್, ಹೀಗೆ ಆರು ದಿನ ಮಾಡುತ್ತಾರೆ. ನಮಗೆ ಅದು ಬೇಡ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಪ್ರತಿ ಸಲವೂ ಇಡೀ ಮೈಗೆ ಕೆಲಸ. ಆಫೀಸಿನಲ್ಲಿ ಮೀಟಿಂಗ್ ಬಂದು ಒಂದು ದಿನ ತಪ್ಪಿದರೂ ಕಾಲಿಗೋ ಬೆನ್ನಿಗೋ ಒಂದು ವಾರ ಪೂರ್ತಿ ಖಾಲಿ ಹೋಗುವುದಿಲ್ಲ.

ಎರಡು ಪಟ್ಟಿ ಇಟ್ಟುಕೊಳ್ಳಿ, ಒಂದಾದ ಮೇಲೆ ಇನ್ನೊಂದು.

ಮೊದಲ ಪಟ್ಟಿ: ಎದೆ ಹತ್ತಿರ ಡಂಬೆಲ್ ಹಿಡಿದು ಸ್ಕ್ವಾಟ್, ಬೆಂಚ್ ಮೇಲೆ ಡಂಬೆಲ್ ಪ್ರೆಸ್, ಕೂತು ಎಳೆಯುವ ಕೇಬಲ್ ರೋ, ಕೊನೆಗೆ ಮೊಣಕೈ ಊರಿ ಮೈ ನೆಟ್ಟಗೆ ಹಿಡಿಯುವ ಪ್ಲ್ಯಾಂಕ್.

ಎರಡನೇ ಪಟ್ಟಿ: ರೊಮೇನಿಯನ್ ಡೆಡ್‌ಲಿಫ್ಟ್, ಮೇಲಿನ ಬಾರನ್ನು ಎದೆಯತ್ತ ಎಳೆಯುವ ಲ್ಯಾಟ್ ಪುಲ್‌ಡೌನ್, ಕೂತು ಮಾಡುವ ಭುಜದ ಪ್ರೆಸ್, ಕೊನೆಗೆ ಎರಡೂ ಕೈಯಲ್ಲಿ ಭಾರ ಹಿಡಿದು ನಲವತ್ತು ಹೆಜ್ಜೆ ನಡಿಗೆ.

ಇಷ್ಟೇನಾ ಅನ್ನಿಸಬಹುದು. ಬೈಸೆಪ್ಸ್ ಇಲ್ಲದೆ ಎಂಥ ಜಿಮ್ ಅಂತ ಬೇಜಾರಾದರೆ ಕೊನೆಗೆ ಎರಡು ಸೆಟ್, ಅಂದರೆ ಎರಡು ಸುತ್ತು, ಮಾಡಿಕೊಳ್ಳಿ, ನಾನೂ ಮಾಡುತ್ತೇನೆ.

ಮಂಡಿ ಕಟಕಟ ಅನ್ನುವವರು ಹಿಂದೆ ಒಂದು ಬೆಂಚ್ ಇಟ್ಟುಕೊಂಡು, ಅದರ ಮೇಲೆ ಕೂತು ಏಳುವ ಹಾಗೆ ಸ್ಕ್ವಾಟ್ ಮಾಡಿ. ಚಿಕ್ಕವರಿದ್ದಾಗ ಮೇಷ್ಟ್ರು ಹೊಡೆಸುತ್ತಿದ್ದ ಬಸ್ಕಿಗೂ ಇದಕ್ಕೂ ಒಂದೇ ವ್ಯತ್ಯಾಸ: ಇಲ್ಲಿ ಇಳಿಯುವಾಗ ಮೂರು ಎಣಿಸಬೇಕು. ಭುಜದ ಸಮಸ್ಯೆ ಇದ್ದವರಿಗೆ ಬಾರ್‌ಗಿಂತ ಡಂಬೆಲ್ ಒಳ್ಳೆಯದು. ಅಂಗೈಗಳು ಒಂದಕ್ಕೊಂದು ಎದುರಾಗಿರುವಂತೆ ಹಿಡಿದರೆ ಭುಜ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ರೊಮೇನಿಯನ್ ಡೆಡ್‌ಲಿಫ್ಟ್ ಅಂದರೆ ಸೊಂಟ ಹಿಂದಕ್ಕೆ ತಳ್ಳಿ, ಬೆನ್ನು ನೆಟ್ಟಗೆ ಇಟ್ಟು, ಭಾರವನ್ನು ತೊಡೆಗೆ ಸವರಿಕೊಂಡು ಮಂಡಿಯ ಕೆಳಗಿನವರೆಗೆ ಇಳಿಸುವುದು. ಎರಡೂ ಕೈಯಲ್ಲಿ ಕೊಡ ತುಂಬಿದ್ದು, ಬಾಗಿಲನ್ನು ಹಿಂಭಾಗದಿಂದ ತಳ್ಳಿ ತೆಗೆಯುತ್ತೀರಲ್ಲ, ಅದೇ ಚಲನೆ. ಇದೊಂದನ್ನು ಮಾತ್ರ ಟ್ರೇನರ್ ಪಕ್ಕದಲ್ಲಿ ನಿಂತಿದ್ದಾಗಲೇ ಕಲಿಯಿರಿ. ಬೆನ್ನು ಬಗ್ಗಿತೋ ಇಲ್ಲವೋ ನಮಗೆ ಕಾಣುವುದಿಲ್ಲ.

ಈಗ ಭಾರದ ವಿಷಯ. ಇಲ್ಲೇ ಸ್ವಲ್ಪ ನಿಧಾನವಾಗಿ ಓದಿ.

ಮೊದಲ ಎರಡು ವಾರ ಪ್ರತಿ ವ್ಯಾಯಾಮಕ್ಕೆ ಎರಡೇ ಸೆಟ್. ಹನ್ನೆರಡು ರೆಪ್ ಮುಗಿದಾಗ 'ಇನ್ನೂ ಐದು ಆರಾಮಾಗಿ ಆಗ್ತಿತ್ತು' ಅನ್ನಿಸಬೇಕು. ಅಷ್ಟು ಹಗುರ. ನಾನು ಎರಡನೇ ಸಲ ಶುರು ಮಾಡಿದಾಗ ಡಂಬೆಲ್ ಪ್ರೆಸ್‌ಗೆ ಒಂದೊಂದು ಕೈಗೆ 5 ಕಿಲೋ ಹಿಡಿದೆ. ಪಕ್ಕದಲ್ಲಿ ಒಬ್ಬ ಹುಡುಗ 30ರದ್ದು ಹಿಡಿದಿದ್ದ. ನಾಚಿಕೆ ಆಯಿತು, ಸುಳ್ಳು ಯಾಕೆ ಹೇಳಲಿ.

ಮೂರನೇ ವಾರದಿಂದ ಮೂರು ಸೆಟ್. ನಿಯಮ ಹೀಗೆ: ಒಂದು ಭಾರ ಆರಿಸಿಕೊಂಡು ಎಂಟು ರೆಪ್‌ನಿಂದ ಶುರು. ಪ್ರತಿ ಸಲ ಒಂದೊಂದು ರೆಪ್ ಏರಿಸುತ್ತಾ ಹೋಗಿ. ಮೂರೂ ಸೆಟ್‌ನಲ್ಲಿ ಹನ್ನೆರಡು ಮುಟ್ಟಿದ ದಿನ, ಮುಂದಿನ ಸಲಕ್ಕೆ ಜಿಮ್‌ನಲ್ಲಿರುವ ಅತಿ ಚಿಕ್ಕ ಹೆಚ್ಚಳ ಹಾಕಿ ಮತ್ತೆ ಎಂಟಕ್ಕೆ ಇಳಿಯಿರಿ. ಬಾರ್ ಆದರೆ ಎರಡೂ ಕಡೆ 1.25 ಕಿಲೋ ಪ್ಲೇಟು, ಒಟ್ಟು 2.5. ಯಾವ ಸೆಟ್ಟಿನಲ್ಲೂ ಕೈ ನಡುಗಿ ನಿಲ್ಲುವವರೆಗೆ ಹೋಗಬೇಡಿ. ಇನ್ನು ಎರಡು ಆಗುತ್ತಿತ್ತು ಅನ್ನುವಾಗಲೇ ಕೆಳಗಿಡಿ. ಖಂಡ ಬೆಳೆಯಲು ಅಷ್ಟು ಸಾಕು, ಹುರಿ ಉಳಿಯಲು ಅದು ಬೇಕು.

ಅಂದಹಾಗೆ ಜಿಮ್‌ಗಳಲ್ಲಿ ಎಲ್ಲರೂ ಹೇಳುವ 'ಮೂರು ಸೆಟ್, ಹತ್ತು ರೆಪ್' ಬಂದದ್ದು ಬಾಡಿಬಿಲ್ಡರ್‌ಗಳಿಂದ ಅಲ್ಲ, ಆಸ್ಪತ್ರೆಯಿಂದ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಗಾಯಗೊಂಡ ಸೈನಿಕರ ಕಾಲಿಗೆ ಶಕ್ತಿ ತುಂಬಲು ಭಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಪದ್ಧತಿ ಮಾಡಿದರು. ಪೆಟ್ಟು ತಿಂದವರಿಗಾಗಿ ಹುಟ್ಟಿದ ಪದ್ಧತಿ ನಮಗೆ ಹೊಂದದೆ ಇರುತ್ತದೆಯೇ.

ವಾರ್ಮಪ್ ಬಗ್ಗೆ ಎರಡು ಮಾತು. ಐದು ನಿಮಿಷ ಸೈಕಲ್ ತುಳಿಯಿರಿ ಅಥವಾ ನಿಧಾನವಾಗಿ ನಾಲ್ಕಾರು ಸೂರ್ಯನಮಸ್ಕಾರ ಹಾಕಿ. ಆಮೇಲೆ ಪ್ರತಿ ವ್ಯಾಯಾಮಕ್ಕೂ ಅರ್ಧ ಭಾರದಲ್ಲಿ ಒಂದು ಸೆಟ್. ಸೆಟ್‌ಗಳ ನಡುವೆ ಎರಡು ನಿಮಿಷ ಪೂರ್ತಿ ಕೂತುಕೊಳ್ಳಿ. ಆರೇಳು ವಾರಕ್ಕೊಮ್ಮೆ ಒಂದು ವಾರ ಭಾರವನ್ನು ಮೂರನೇ ಒಂದು ಪಾಲು ಇಳಿಸಿ. ಆ ವಾರ ಏನೂ ಮಾಡಿದಂತೆ ಅನ್ನಿಸುವುದಿಲ್ಲ. ಅದಕ್ಕೇ ಆ ವಾರ.

ಜಿಮ್ ಹತ್ತಿರ ಇಲ್ಲದವರಿಗೆ ಮನೆಯೇ ಸಾಕು. ಶಾಲಾ ಬ್ಯಾಗಿಗೆ ಅಕ್ಕಿ ತುಂಬಿ ತೂಗಿಕೊಳ್ಳಿ. ಅದು ಸ್ಕ್ವಾಟ್‌ಗೂ ಆಯಿತು, ಎಳೆಯುವ ರೋ ವ್ಯಾಯಾಮಕ್ಕೂ ಆಯಿತು. ತುಂಬಿದ 20 ಲೀಟರ್ ನೀರಿನ ಕ್ಯಾನು ಅಂದರೆ 20 ಕಿಲೋ, ಹಿಡಿದು ನಡೆಯಿರಿ. ದಂಡ ಹೊಡೆಯಲು ನೆಲ ಇದ್ದೇ ಇದೆ. ನೇರ ನೆಲಕ್ಕೆ ಕಷ್ಟವಾದರೆ ಮೊದಲು ಗೋಡೆಗೆ ಕೈ ಕೊಟ್ಟು, ಆಮೇಲೆ ಮಂಚದ ಅಂಚಿಗೆ, ಕೊನೆಗೆ ನೆಲಕ್ಕೆ. ನಮ್ಮ ಗರಡಿಮನೆಗಳಲ್ಲಿ ಪೈಲ್ವಾನರು ಕೆಮ್ಮಣ್ಣಿನ ಮೇಲೆ ದಂಡ, ಬಸ್ಕಿ, ಗದೆಯಲ್ಲೇ ಮೈ ಬೆಳೆಸಿದವರು ಅಲ್ವಾ?

ನೋವಿನಲ್ಲಿ ಎರಡು ಜಾತಿ

ವ್ಯಾಯಾಮ ಮಾಡಿದ ಮಾರನೇ ದಿನದಿಂದ ಎರಡು ಮೂರು ದಿನ ಮೈ ಬಿಗಿದುಕೊಂಡು ನೋಯುವುದು ಮಾಮೂಲು. ಅದು ಖಂಡದ ನಡುವೆ, ಹರಡಿಕೊಂಡು, ಮಂದವಾಗಿ ಇರುತ್ತದೆ. ಓಡಾಡಿದರೆ ಕಮ್ಮಿಯಾಗುತ್ತದೆ. ಕೀಲಿನ ಹತ್ತಿರ ಒಂದೇ ಬಿಂದುವಿನಲ್ಲಿ ಚಳುಕು ಹೊಡೆದರೆ, ಎತ್ತುವಾಗಲೇ ನೋವು ಬಂದರೆ, ಆ ವ್ಯಾಯಾಮ ಅವತ್ತಿಗೆ ಮುಗಿಯಿತು. ಎರಡು ವಾರವಾದರೂ ಹೋಗದಿದ್ದರೆ ತೋರಿಸಿ.

ಮೊದಲ ದಿನವೇ ನೂರಾರು ಬಸ್ಕಿ ಹೊಡೆಯುವ ವೀರರಿದ್ದಾರೆ. ಅವರಿಗೊಂದು ಎಚ್ಚರಿಕೆ: ಒಂದೆರಡು ದಿನದಲ್ಲಿ ತೊಡೆ ವಿಪರೀತ ಊದಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಒಡೆದ ಖಂಡದ ವಸ್ತು ಕಿಡ್ನಿಗೆ ಹೋಗಿ ಕೂರುವ ಸ್ಥಿತಿ ಅದು.

ಮುದ್ದೆ, ಬಸ್ಸಾರು ಮತ್ತು ಪ್ರೋಟೀನ್ ಲೆಕ್ಕ

ಜಿಮ್‌ಗೆ ಹೋಗುವವರಲ್ಲಿ ನಮ್ಮ ಕಡೆಯವರು ಸೋಲುವುದು ಹೆಚ್ಚಾಗಿ ಅಡುಗೆಮನೆಯಲ್ಲಿ. ಸಾಮಾನ್ಯ ಆರೋಗ್ಯವಂತ ವಯಸ್ಕರಿಗೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳುವುದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ಭಾರ ಎತ್ತಿ ಖಂಡ ಬೆಳೆಸುವವರಿಗೆ ಸುಮಾರು 1.6 ಗ್ರಾಂ ಬೇಕು. ನನ್ನ 72 ಕಿಲೋಗೆ 115 ಗ್ರಾಂ. ಕ್ರಿಯಾಟಿನಿನ್ ಜಾಸ್ತಿ ಇರುವವರು, ಕಿಡ್ನಿ ತೊಂದರೆ ಇರುವವರು ಈ ಲೆಕ್ಕಕ್ಕೆ ಬರಬಾರದು. ಅವರಿಗೆ ಡಾಕ್ಟರು ಹೇಳಿದ್ದೇ ಲೆಕ್ಕ.

ನಾನು ಒಂದು ವಾರ ತಿಂದದ್ದನ್ನೆಲ್ಲ ಬರೆದು ನೋಡಿದೆ. ಐವತ್ತು ಗ್ರಾಂ ಸಹ ದಾಟುತ್ತಿರಲಿಲ್ಲ. 'ದಿನಾ ಬೇಳೆ ಸಾರು ತಿಂತೀನಲ್ಲ' ಅಂದುಕೊಂಡಿದ್ದೆ. ಸಾರಿನಲ್ಲಿ ಬೇಳೆ ಎಷ್ಟು, ತಿಳಿ ಎಷ್ಟು? ನೂರು ಗ್ರಾಂ ಹಸಿ ತೊಗರಿಬೇಳೆಯಲ್ಲಿ 22 ಗ್ರಾಂ ಪ್ರೋಟೀನ್ ಇದೆ ನಿಜ. ನನ್ನ ತಟ್ಟೆಗೆ ಬೀಳುತ್ತಿದ್ದದ್ದು ಹದಿನೈದು ಗ್ರಾಂ ಬೇಳೆ. ಬಸ್ಸಾರಿನ ಕಥೆ ಇನ್ನೂ ತಮಾಷೆ. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿನಲ್ಲಿ ಸಾರು ಮಾಡುತ್ತೇವೆ, ಸಾರನ್ನು ಮುದ್ದೆಗೆ ಸುರಿದುಕೊಳ್ಳುತ್ತೇವೆ, ಕಾಳಿರುವ ಪಲ್ಯವನ್ನು ಅಂಚಿನಲ್ಲಿ ಎರಡು ಚಮಚ ಹಾಕಿಕೊಳ್ಳುತ್ತೇವೆ. ಪ್ರೋಟೀನ್ ಇರುವುದೇ ಆ ಪಲ್ಯದಲ್ಲಿ! ನಾನು ಮಾಡಿದ ಮೊದಲ ಬದಲಾವಣೆ ಇದೇ. ಸಾರು ಕಮ್ಮಿ, ಪಲ್ಯ ಒಂದು ಬಟ್ಟಲು.

ಈಗ ನನ್ನ ದಿನ ಹೀಗಿದೆ. ಬೆಳಗ್ಗೆ ಮೂರು ಇಡ್ಲಿ, ಮೂರು ಮೊಟ್ಟೆ: 24 ಗ್ರಾಂ. ಮಧ್ಯಾಹ್ನ ನೂರು ಗ್ರಾಂ ಹಿಟ್ಟಿನ ಮುದ್ದೆ, 40 ಗ್ರಾಂ ಹುರುಳಿಕಾಳೋ ಹೆಸರುಕಾಳೋ ಬೆಂದ ಪಲ್ಯ, 200 ಗ್ರಾಂ ಮೊಸರು: 23. ಸಂಜೆ ಜಿಮ್ ಮುಗಿಸಿ ಕಾಲು ಲೀಟರ್ ಹಾಲಿಗೆ ಒಂದು ಸ್ಕೂಪ್ ವೇ ಪ್ರೋಟೀನ್: 32. ರಾತ್ರಿ ಎರಡು ಚಪಾತಿ ಜೊತೆ 150 ಗ್ರಾಂ ಮೂಳೆ ಇಲ್ಲದ ಚಿಕನ್: 39. ಸೋಮವಾರ, ಶನಿವಾರ ಮನೆಯಲ್ಲಿ ಮಾಂಸ ಮಾಡಲ್ಲ. ಅವತ್ತು 50 ಗ್ರಾಂ ಒಣ ಮೀಲ್ ಮೇಕರ್ (ಸೋಯಾ ಉಂಡೆ) ನೆನೆಸಿ ಪಲ್ಯ, ಆಗ 32. ಒಟ್ಟು 111ರಿಂದ 118. ಕರಾವಳಿಯವರಿಗೆ ಬಂಗುಡೆ, ಬೂತಾಯಿ ಇದೆ, ಅವರು ಪುಣ್ಯವಂತರು: ನೂರು ಗ್ರಾಂಗೆ ಹತ್ತಿರ ಹತ್ತಿರ 20 ಗ್ರಾಂ. ಪನೀರ್ ನೂರು ಗ್ರಾಂಗೆ 18ರಷ್ಟು, ಆದರೆ ಕೊಬ್ಬೂ ಅಷ್ಟೇ ಇದೆ. ಕಡಲೆಕಾಯಿ ಬೀಜವನ್ನು ಪ್ರೋಟೀನ್ ಅಂತ ಮುಷ್ಟಿಗಟ್ಟಲೆ ತಿನ್ನುವವರಿದ್ದಾರೆ. ಪ್ರೋಟೀನ್ ಇದೆ, ಅದಕ್ಕಿಂತ ಜಾಸ್ತಿ ಎಣ್ಣೆ ಇದೆ. ಒಂದು ಹಿಡಿ ಸಾಕು.

ಹೊಟ್ಟೆ ಇಳಿಸಬೇಕಾದವರು ಉಪವಾಸ ಬೀಳಬೇಡಿ. ಅನ್ನ ಅರ್ಧ ಮಾಡಿ, ಕಾಫಿಯ ಸಕ್ಕರೆ ಬಿಡಿ, ಸಂಜೆಯ ಬಜ್ಜಿ ಬೋಂಡಾ ವಾರಕ್ಕೊಮ್ಮೆಗೆ ಇಳಿಸಿ. ವಾರಕ್ಕೆ ಅರ್ಧ ಕಿಲೋಗಿಂತ ಬೇಗ ತೂಕ ಇಳಿಯುತ್ತಿದ್ದರೆ ಖಂಡವೂ ಹೋಗುತ್ತಿರಬಹುದು. ಮರಳಿ ಶುರು ಮಾಡುವವರಿಗೆ ಒಂದು ಅದೃಷ್ಟ ಇದೆ: ಮೊದಲ ಕೆಲವು ತಿಂಗಳು ಕೊಬ್ಬು ಇಳಿಯುತ್ತಾ ಖಂಡವೂ ಬೆಳೆಯಬಹುದು. ವರ್ಷಗಟ್ಟಲೆ ಬಿಡದೆ ಮಾಡುತ್ತಿರುವವರಿಗೆ ಅದು ಅಷ್ಟು ಸುಲಭಕ್ಕೆ ಸಿಗಲ್ಲ.

ಡಬ್ಬಿಗಳ ವಿಷಯ ಚುಟುಕಾಗಿ ಮುಗಿಸುತ್ತೇನೆ. ವೇ ಪ್ರೋಟೀನ್ ಅಂದರೆ ಚೀಸ್ ಮಾಡುವಾಗ ಉಳಿದ ಹಾಲಿನ ತಿಳಿಯನ್ನು ಒಣಗಿಸಿದ ಪುಡಿ, ಅಷ್ಟೇ. ಊಟದಲ್ಲೇ ಲೆಕ್ಕ ಮುಟ್ಟಿದರೆ ಅದೂ ಬೇಡ. ಕೊಳ್ಳುವುದಾದರೆ ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಲೈಸೆನ್ಸಿನ 14 ಅಂಕಿ ಇದೆಯಾ ನೋಡಿ, ಬಿಲ್ ತಗೊಳ್ಳಿ. ಕ್ರಿಯಾಟಿನ್ ಮಾನೋಹೈಡ್ರೇಟ್ ದಿನಕ್ಕೆ 3ರಿಂದ 5 ಗ್ರಾಂ ಉಪಯೋಗಕ್ಕೆ ಬರುತ್ತದೆ, ತುಂಬ ಅಧ್ಯಯನವಾಗಿರುವ ಪುಡಿ ಅದು, ಸ್ಟೀರಾಯ್ಡ್ ಅಲ್ಲ. ಅದನ್ನು ತಗೊಳ್ಳುವಾಗ ರಕ್ತದ ಕ್ರಿಯಾಟಿನಿನ್ ಅಂಕಿ ಸ್ವಲ್ಪ ಏರಿ ತೋರಿಸಬಹುದು, ಟೆಸ್ಟ್‌ಗೆ ಮೊದಲು ಡಾಕ್ಟರಿಗೆ ತಿಳಿಸಿ. ಮಿಕ್ಕಿದ್ದೆಲ್ಲ, ಟೆಸ್ಟೋಸ್ಟೆರಾನ್ ಬೂಸ್ಟರ್, ಫ್ಯಾಟ್ ಬರ್ನರ್, ಎಲ್ಲ ದುಡ್ಡಿಗೆ ದಂಡ.

ನಿದ್ದೆ ಏಳು ಗಂಟೆ. ರಾತ್ರಿ ಹನ್ನೊಂದಕ್ಕೆ ಮೊಬೈಲ್ ನೋಡುತ್ತಾ ಕೂತು, ಬೆಳಗ್ಗೆ ಐದಕ್ಕೆ ಜಿಮ್‌ಗೆ ಓಡುವುದು ಎಷ್ಟು ದಿನ ನಡೆಯುತ್ತದೆ? ನನಗೆ ಹದಿನೈದು ದಿನ ನಡೆಯಿತು.

ಹೆಂಗಸರಿಗೂ ಇದೇ ಪಟ್ಟಿ

'ಭಾರ ಎತ್ತಿದರೆ ಗಂಡಸಿನ ಥರ ಆಗ್ತೀನಿ' ಅಂತ ನನ್ನ ಹೆಂಡತಿ ಒಂದು ವರ್ಷ ಟ್ರೆಡ್‌ಮಿಲ್ ಬಿಟ್ಟು ಇಳಿಯಲಿಲ್ಲ. ಹಾಗೆ ಆಗುವುದಿಲ್ಲ, ಹೆಂಗಸರಲ್ಲಿ ಟೆಸ್ಟೋಸ್ಟೆರಾನ್ ಅಷ್ಟಿರುವುದಿಲ್ಲ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಇಳಿದು ಮೂಳೆ ಬೇಗ ಬೇಗ ಟೊಳ್ಳಾಗುತ್ತದೆ. ಮೂಳೆ ಗಟ್ಟಿಯಾಗಿ ಉಳಿಯಬೇಕಾದರೆ ಅದರ ಮೇಲೆ ಭಾರ ಬೀಳಬೇಕು. ಅವಳ ತಾಯಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅವಳೇ ಬಂದು 'ನನಗೂ ಆ ಡೆಡ್‌ಲಿಫ್ಟ್ ಹೇಳಿಕೊಡಿ' ಅಂದಳು. ಪಟ್ಟಿ ಅದೇ, ನಿಯಮ ಅದೇ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ ಬರುತ್ತದೆ. ಮೊದಲೆಲ್ಲ ಅದನ್ನು ಒಳಗಿಡಲು ನಾನು ಆಫೀಸಿಂದ ಬರುವುದನ್ನು ಕಾಯುತ್ತಿದ್ದಳು. ಈಗ ನಾನು ಬರುವ ಹೊತ್ತಿಗೆ ರೆಗ್ಯುಲೇಟರ್ ಹಾಕಿ ಆಗಿರುತ್ತದೆ.

ಏನು, ಯಾವಾಗ ಕಾಣುತ್ತದೆ

ಮೊದಲ ತಿಂಗಳು ಶಕ್ತಿ ಏರುತ್ತದೆ, ಮೈ ಬದಲಾಗುವುದಿಲ್ಲ. ಅದು ನರಗಳು ಪಾಠ ಕಲಿಯುವ ಕಾಲ. ಕನ್ನಡಿಯಲ್ಲಿ ಏನಾದರೂ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಎಲ್ಲಕ್ಕಿಂತ ಮೊದಲು ಗೊತ್ತಾಗುವುದು ಬೆಲ್ಟಿನ ತೂತು. ಬಟ್ಟೆ ಅಂಗಡಿಯ ಕನ್ನಡಿ ಮುಂದೆ ನಿಂತು ಎದೆ ಉಬ್ಬಿಸುವ ಆಸೆ ನನಗೂ ಇದೆ, ಆದರೆ ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ ತೆಗೆದ ಫೋಟೋ ಹೆಚ್ಚು ನಿಜ ಹೇಳುತ್ತದೆ. ಶುಗರ್ ಇರುವವರು ಮೂರು ತಿಂಗಳಿಗೆ ಎಚ್‌ಬಿಎ1ಸಿ ಮತ್ತೆ ನೋಡಿಸಿ. ರಕ್ತದ ಸಕ್ಕರೆಯನ್ನು ಹೆಚ್ಚು ಹೀರಿಕೊಳ್ಳುವ ಜಾಗ ಮಾಂಸಖಂಡವೇ. ಅಂಕಿ ಇಳಿದಿದ್ದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರು ಕಮ್ಮಿ ಮಾಡಲಿ.

ನಡುವೆ ತಪ್ಪಿಯೇ ತಪ್ಪುತ್ತದೆ. ಮದುವೆ ಸೀಸನ್, ಜ್ವರ, ಮಾರ್ಚ್ ಕೊನೆಯ ಲೆಕ್ಕಪತ್ರ. ಒಂದು ವಾರ ತಪ್ಪಿದರೆ ನಿಲ್ಲಿಸಿದ ಕಡೆಯಿಂದಲೇ ಶುರು ಮಾಡಿ. ಎರಡು ಮೂರು ವಾರವಾದರೆ ಐದನೇ ಒಂದು ಪಾಲು ಭಾರ ಇಳಿಸಿ. ತಿಂಗಳು ದಾಟಿದರೆ ಅರ್ಧಕ್ಕೆ ಬನ್ನಿ, ಎರಡೇ ಸೆಟ್‌ನಿಂದ. ಜ್ವರ ಬಂದು ಹೋದ ಮೇಲೆ ಇನ್ನೂ ಹಗುರ.

ಕಳೆದ ದಸರಾ ಹೊತ್ತಿಗೆ ಮನೆಗೆ ನೆಂಟರು ಬಂದು ನನಗೂ ಹದಿನೆಂಟು ದಿನ ತಪ್ಪಿತು. ಡಂಬೆಲ್ ಪ್ರೆಸ್ ಒಂದೊಂದು ಕೈಗೆ 22.5ರಲ್ಲಿ ನಿಂತಿತ್ತು. ವಾಪಸ್ ಹೋದ ದಿನ 17.5 ಹಿಡಿದೆ. 'ಯಾಕೆ ಅಂಕಲ್, ಹುಷಾರಿಲ್ವಾ?' ಅಂತ ಕೇಳಿದ ಒಬ್ಬ. ಹುಷಾರಾಗಿದೀನಪ್ಪಾ ಅಂದು ಹನ್ನೆರಡು ರೆಪ್ ಮುಗಿಸಿ, ಪುಟದಲ್ಲಿ ಬರೆದುಕೊಂಡೆ.